ಮಂಡಿಗೆ ‘ಸ್ಟೆಮ್ ಸೆಲ್’ ಹಾಕಿಸೋ ಮುಂಚೆ ಕೇಳಿ: ಆ ಕೋಶ ಹುಟ್ಟಿದ್ದು ಎಲ್ಲಿ?

ಸವೆದ ಮಂಡಿಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಅನ್ನೋ ಜಾಹೀರಾತು ಮೊಬೈಲ್ ಇದ್ದ ಕಡೆಯೆಲ್ಲ ಬರುತ್ತದೆ, ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿಗೂ. ನಾಟಿ, ಕಳೆ ಅಂತ ಗದ್ದೆಯಲ್ಲೇ ಮಂಡಿ ಸವೆಸಿದ ಅವ್ವನಿಗೆ ‘ಹಾಕಿಸಬಹುದಾ?’ ಅಂತ ಮಕ್ಕಳು ಕೇಳುವುದು ಸಹಜ. ಉತ್ತರ ಬೇಕಾದರೆ ಕೋಳಿಮೊಟ್ಟೆಯಿಂದ ಶುರು ಮಾಡಬೇಕು.

ಕೋಳಿ ಕಾವಿಗೆ ಕೂತ ಮೂರನೇ ದಿನದ ಹೊತ್ತಿಗೆ ಭ್ರೂಣದ ಪಕ್ಕದಲ್ಲಿ ಪುಟ್ಟ ಮೊಗ್ಗುಗಳು ಏಳುತ್ತವೆ. ರೆಕ್ಕೆ, ಕಾಲು ಆಗೋದು ಇವೇ. ನಮ್ಮ ಕೈಕಾಲೂ ಹೀಗೇ ಶುರುವಾಗಿದ್ದು. 1970ರ ದಶಕದಲ್ಲಿ ಜರ್ಮನಿ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಭ್ರೂಣದ ಬೆನ್ನುದ್ದಕ್ಕೂ ಸಾಲಾಗಿರುವ ಗಂಟುಗಳಲ್ಲಿ ಕೆಲವನ್ನು ತೆಗೆದು, ಅಲ್ಲಿ ಕ್ವೇಲ್ ಹಕ್ಕಿಯ ಗಂಟು ಕೂರಿಸಿದರು. ಎರಡು ಹಕ್ಕಿಗಳ ಕೋಶಗಳು ಸೂಕ್ಷ್ಮದರ್ಶಕದಲ್ಲಿ ಬೇರೆಬೇರೆಯಾಗಿ ಕಾಣುತ್ತವೆ. ಹಾಗಾಗಿ ಯಾವುದು ಎಲ್ಲಿಗೆ ಹೋಯಿತು ಅನ್ನೋ ಲೆಕ್ಕ ಸಿಕ್ಕಿತು. ರೆಕ್ಕೆಯ ಮಾಂಸಖಂಡ ಕ್ವೇಲ್‌ನದು. ಮೂಳೆ, ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿ, ನಡುವಿನ ಸಂಯೋಜಕ ಅಂಗಾಂಶ ಮಾತ್ರ ಕೋಳಿಯದೇ. ಅಂದರೆ ಮಾಂಸಖಂಡ ಬೆನ್ನಿನ ಕಡೆಯಿಂದ ವಲಸೆ ಬಂದದ್ದು, ಉಳಿದದ್ದು ಮೊಗ್ಗಿನ ಜಾಗದ ಮೂಲನಿವಾಸಿ.

ಇನ್ನೂ ಸ್ವಾರಸ್ಯವಿದೆ. ಕತ್ತಿನ ಮಟ್ಟದ ಗಂಟು ತಂದು ಕೂರಿಸಿದರೂ ರೆಕ್ಕೆಯ ಮಾಂಸಖಂಡ ರೆಕ್ಕೆಯದರಂತೆಯೇ ಬೆಳೆಯಿತು. ಯಾರು ಎಲ್ಲಿ ಕೂರಬೇಕು ಅಂತ ಹೇಳಿದ್ದು ಅಲ್ಲಿನ ಸಂಯೋಜಕ ಅಂಗಾಂಶ. ಬರೀ ಅಂಟು ಅಂದುಕೊಂಡಿದ್ದೇ ಇಲ್ಲಿ ಮೇಸ್ತ್ರಿ!

ಈ ಮೇಸ್ತ್ರಿಯ ವಂಶ ಬೆಳೆದ ದೇಹದಲ್ಲೂ ಉಳಿಯುತ್ತದೆ. 2017ರಲ್ಲಿ ಬರ್ಲಿನ್‌ನ ತಂಡವೊಂದು ಇಲಿ ಭ್ರೂಣದಲ್ಲಿ ‘ಓಎಸ್‌ಆರ್1’ ಜೀನ್ ಚಾಲೂ ಇದ್ದ ಕೋಶಗಳ ಜಾಡು ಹಿಡಿಯಿತು. ಅವುಗಳಲ್ಲಿ ಕೆಲವು ಬೆಳೆದ ಇಲಿಯ ಮಾಂಸಖಂಡದೊಳಗೆ ಕಾಂಡಕೋಶದಂಥ ಕೋಶಗಳಾಗಿ ಉಳಿದಿದ್ದವು. ಗಾಯವಾದರೆ ಇವು ದುರಸ್ತಿಗೆ ನೆರವಾಗುತ್ತವೆ. ಹದ ತಪ್ಪಿದರೆ ತಾವೇ ಕೊಬ್ಬು, ನಾರು ಆಗಿಬಿಡುತ್ತವೆ. ಮುಖದ ಸಂಯೋಜಕ ಅಂಗಾಂಶದ ಬಹುಪಾಲು ಹುಟ್ಟುವುದೇ ಬೇರೆ ಕಡೆ. ಹೆಸರು ಒಂದೇ, ಹುಟ್ಟು ಬೇರೆ.

ಮಾರುಕಟ್ಟೆಗೆ ಬೇಕಾಗಿರೋದು ಹೆಸರು ಅಷ್ಟೇ. ಕೋಳಿ ಭ್ರೂಣದ ಮೊಗ್ಗಿನ ಕೋಶಗಳ ಮೇಲೆ ಕೆಲಸ ಮಾಡಿದ್ದ ಅಮೆರಿಕದ ಅರ್ನಾಲ್ಡ್ ಕ್ಯಾಪ್ಲನ್ 1991ರಲ್ಲಿ ‘ಮೆಸೆಂಕೈಮಲ್ ಸ್ಟೆಮ್ ಸೆಲ್’ ಎಂಬ ಹೆಸರನ್ನು ಚಲಾವಣೆಗೆ ತಂದರು. ಹೆಸರು ಬದಲಿಸಿ ಅಂತ 2017ರಲ್ಲಿ ಅವರೇ ಬರೆದರು. ದೇಹಕ್ಕೆ ಹಾಕಿದಾಗ ಇವು ಹೊಸ ಅಂಗಾಂಶ ಕಟ್ಟುವುದಿಲ್ಲ, ಸುತ್ತಲಿನ ಕೋಶಗಳಿಗೆ ಸಂಕೇತ ಕಳಿಸುತ್ತವೆ ಎಂಬುದು ಅವರ ವಾದ. ಬೋರ್ಡುಗಳಿಂದ ಹೆಸರೇನೂ ಇಳಿಯಲಿಲ್ಲ. ಹೊಟ್ಟೆಯ ಕೊಬ್ಬಿನಿಂದ ತೆಗೆದ ಕೋಶ ಮಂಡಿಗೆ ಹೋದ ಮಾತ್ರಕ್ಕೆ ಮಂಡಿಯ ಮೇಸ್ತ್ರಿ ಆಗಿಬಿಡುತ್ತೆ ಅಂತೇನಿಲ್ಲ.

ಹಾಗಂತ ಎಲ್ಲವೂ ಮೋಸವಲ್ಲ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿ ದಾನಿಗಳ ಅಸ್ಥಿಮಜ್ಜೆಯಿಂದ ಇಂಥ ಕೋಶಗಳನ್ನು ಬೆಳೆಸಿ ಔಷಧ ಮಾಡಿತು. ಟ್ರಯಲ್ ನಡೆಸಿದ ಮೇಲೆ 2016ರಲ್ಲಿ ಕಾಲಿನ ರಕ್ತನಾಳದ ಒಂದು ಕಾಯಿಲೆಗೆ, 2022ರಲ್ಲಿ ಮಂಡಿ ಸವೆತಕ್ಕೆ ಅದಕ್ಕೆ ಕೇಂದ್ರದ ಅನುಮತಿ ಸಿಕ್ಕಿತು. ಐಸಿಎಂಆರ್‌ನ 2017ರ ಮಾರ್ಗಸೂಚಿ ಕೇಳುವುದೂ ಇದನ್ನೇ: ಅಸ್ಥಿಮಜ್ಜೆ ಕಸಿಯಂಥ ಒಪ್ಪಿತ ಚಿಕಿತ್ಸೆ ಬಿಟ್ಟರೆ ಉಳಿದದ್ದೆಲ್ಲ ಮೊದಲು ಟ್ರಯಲ್‌ನಲ್ಲೇ ನಡೆಯಬೇಕು. ಆದರೆ ಮಾರ್ಗಸೂಚಿ ಕಾನೂನಲ್ಲ, ತೊಂದರೆ ಇರೋದೇ ಅಲ್ಲಿ.

ಆದ್ದರಿಂದ ಕ್ಲಿನಿಕ್ಕಿನವರನ್ನು ಕೇಳಿ: ಕೋಶ ಯಾವ ಅಂಗಾಂಶದ್ದು? ಈ ಕಾಯಿಲೆಗೆ ಅನುಮತಿ ಇದೆಯಾ? ‘ಟ್ರಯಲ್’ ಅಂದರೆ ನೋಂದಣಿ ಸಂಖ್ಯೆ ಪಡೆಯಿರಿ. ಸಿಟಿಆರ್‌ಐ ಜಾಲತಾಣದಲ್ಲಿ ಅದನ್ನು ಯಾರು ಬೇಕಾದರೂ ಹುಡುಕಿ ನೋಡಬಹುದು.