ದತ್ತಕ, ವೈಧವ್ಯ ಮತ್ತು ಸಂಸ್ಥಾನದ ಹಕ್ಕು: ಕಿತ್ತೂರು ರಾಣಿ ಚೆನ್ನಮ್ಮನ ರಾಜಕಾರಣ

ಕಿತ್ತೂರು ರಾಣಿ ಚೆನ್ನಮ್ಮನ ಹೆಸರು ಉತ್ತರ ಕರ್ನಾಟಕದ ದೈನಂದಿನ ಬದುಕಿನಲ್ಲಿ ಬೆರೆತುಹೋಗಿದೆ. ಹುಬ್ಬಳ್ಳಿ ನಗರದ ಪ್ರಮುಖ ವೃತ್ತ ಆಕೆಯ ಹೆಸರಿನದು. ಬೆಳಗಾವಿಯ ವಿಶ್ವವಿದ್ಯಾಲಯವೂ ಆಕೆಯ ಹೆಸರಿನದೇ. ಗೋಕುಲ ರಸ್ತೆಯಲ್ಲಿರುವ ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರನ್ನೂ, ಬೆಳಗಾವಿಯ ನಿಲ್ದಾಣಕ್ಕೆ ಚೆನ್ನಮ್ಮನ ಹೆಸರನ್ನೂ ಇಡಬೇಕೆಂದು ರಾಜ್ಯ ವಿಧಾನಸಭೆ 2023ರ ಡಿಸೆಂಬರಿನಲ್ಲಿ ನಿರ್ಣಯ ಅಂಗೀಕರಿಸಿತು. ಸ್ಮರಣೆಯ ಈ ವ್ಯಾಪ್ತಿ ಉಚಿತವೇ ಆಗಿದೆ. ಆದರೆ ಖಡ್ಗ ಹಿಡಿದು ಕುದುರೆಯೇರಿದ ವೀರರಾಣಿಯ ಪ್ರತಿಮೆಯ ಹಿಂದೆ, ಉತ್ತರಾಧಿಕಾರದ ತೊಡಕನ್ನು ಬಿಡಿಸಲು ಹೆಣಗಿದ ರಾಜಕಾರಣಿಯ ಚಿತ್ರ ಮಸುಕಾಗಿದೆ. ಆ ಚಿತ್ರವನ್ನು ಮುನ್ನೆಲೆಗೆ ತರುವುದು ಪ್ರಸ್ತುತ ಲೇಖನದ ಉದ್ದೇಶ.

ಧಾರವಾಡ ಮತ್ತು ಬೆಳಗಾವಿಗಳ ನಡುವೆ ಇರುವ ಕಿತ್ತೂರು ದೇಶಗತಿ ಮನೆತನದ ಮೂಲವನ್ನು ಪರಂಪರೆಯು 1585ಕ್ಕೆ ಒಯ್ಯುತ್ತದೆ. ವಿಜಾಪುರದ ಆದಿಲಶಾಹಿಯ ಆಶ್ರಯದಲ್ಲಿ ನೆಲೆಗೊಂಡ ಈ ದೇಸಾಯರು ಕಾಲಾಂತರದಲ್ಲಿ ಮರಾಠರು ಹಾಗೂ ಮೈಸೂರಿನ ಟಿಪ್ಪು ಸುಲ್ತಾನನ ನಡುವಿನ ಹೋರಾಟದಲ್ಲಿ ಸಿಲುಕಿದರು. 1782ರಿಂದ 1816ರವರೆಗೆ ಆಳಿದ ಮಲ್ಲಸರ್ಜನು ಈ ಎರಡು ಬಲಗಳ ಮಧ್ಯೆ ಸಂಸ್ಥಾನವನ್ನು ಉಳಿಸಿಕೊಂಡನು. ಅವನ ಹಿರಿಯ ರಾಣಿ ರುದ್ರಮ್ಮ. ಕಿರಿಯ ರಾಣಿ ಕಾಕತಿಯ ದೇಸಾಯರ ಮಗಳಾದ ಚೆನ್ನಮ್ಮ. ಚೆನ್ನಮ್ಮನ ಸ್ವಂತ ಮಗ ಅಕಾಲ ಮರಣಕ್ಕೆ ತುತ್ತಾದುದರಿಂದ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜನು 1816ರಲ್ಲಿ ಪಟ್ಟಕ್ಕೆ ಬಂದನು. 1818ರಲ್ಲಿ ಪೇಶ್ವೆಯ ಅಧಿಕಾರ ಅಳಿದಾಗ ಅವನು ಬೆಳಗಾವಿ ಕೋಟೆಯ ಮುತ್ತಿಗೆಯಲ್ಲಿ ಇಂಗ್ಲಿಷರಿಗೆ ನೆರವಾಗಿ, ಥಾಮಸ್ ಮನ್ರೋನಿಂದ ಸನದು ಪಡೆದನು. ಅಂದರೆ ಕಂಪನಿಯ ಮಿತ್ರನಾಗಿದ್ದ ಸಂಸ್ಥಾನವೇ ಮುಂದೆ ಆರು ವರ್ಷಗಳಲ್ಲಿ ಅದರ ಶತ್ರುವಾಯಿತು. ಈ ಬದಲಾವಣೆಗೆ ಕಾರಣವಾದದ್ದು ಒಂದು ದತ್ತಕ.

1824ರ ಸೆಪ್ಟೆಂಬರ್ 11ರಂದು ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ತೀರಿಕೊಂಡನು. ಮಾಸ್ತಮರಡಿಯ ಗೌಡರ ಮನೆಯ ಬಾಲಕನೊಬ್ಬನನ್ನು ಆತ ದತ್ತಕ ತೆಗೆದುಕೊಂಡಿರುವುದಾಗಿ ತಿಳಿಸುವ ಪತ್ರ ಧಾರವಾಡದ ಕಲೆಕ್ಟರ್ ಹಾಗೂ ಪೊಲಿಟಿಕಲ್ ಏಜೆಂಟ್ ಆಗಿದ್ದ ಸೇಂಟ್ ಜಾನ್ ಥ್ಯಾಕರೆಗೆ ತಲುಪಿತು. ಪತ್ರದ ತಾರೀಖು ಜುಲೈ 10. ಅದು ಕೈಸೇರಿದ್ದು ಸೆಪ್ಟೆಂಬರಿನಲ್ಲಿ. ಪರಿಶೀಲನೆಗೆಂದು ಕಳುಹಿಸಲಾದ ವೈದ್ಯನು ಕಿತ್ತೂರನ್ನು ಮುಟ್ಟುವಷ್ಟರಲ್ಲಿ ದೇಸಾಯಿ ಗತಿಸಿದ್ದನು. ಸಹಿ ನೈಜವಲ್ಲವೆಂದು ಶಂಕಿಸಿದ ಥ್ಯಾಕರೆ ದತ್ತಕವನ್ನು ಒಪ್ಪಲಿಲ್ಲ. ಖಜಾನೆಗೆ ಮುದ್ರೆ ಹಾಕಿಸಿ ಕಾವಲಿರಿಸಿದನು.

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಮೊದಲನೆಯದು, ದತ್ತಕ ನಿಜವಾಗಿ ನಡೆದಿತ್ತೇ ಎಂಬ ವಾಸ್ತವಾಂಶದ ಪ್ರಶ್ನೆ. ಎರಡನೆಯದು, ನಡೆದಿದ್ದರೂ ಕಂಪನಿಯ ಪೂರ್ವಾನುಮತಿ ಇಲ್ಲದೆ ಅದು ಆಳ್ವಿಕೆಯ ಹಕ್ಕನ್ನು ನೀಡಬಲ್ಲುದೇ ಎಂಬ ಸಿದ್ಧಾಂತದ ಪ್ರಶ್ನೆ. ಕಿತ್ತೂರಿನವರ ದೃಷ್ಟಿಯಲ್ಲಿ ದತ್ತಕವು ಮನೆತನದ ವ್ಯವಹಾರ. ಮನೆತನ ಮುಂದುವರಿದರೆ ದೇಶಗತಿಯೂ ಮುಂದುವರಿಯುತ್ತದೆ. ಕಂಪನಿಯ ದೃಷ್ಟಿಯಲ್ಲಿ ದೇಶಗತಿಯು ಸನದಿನಿಂದ ಬಂದದ್ದು. ವಾರಸುದಾರನಿಲ್ಲದಿದ್ದರೆ ಅದು ಕೊಟ್ಟವರಿಗೇ ಮರಳಬೇಕು. ಡಾಲ್‌ಹೌಸಿಯ ಕಾಲದಲ್ಲಿ ಸಾತಾರಾ, ಝಾನ್ಸಿ ಮೊದಲಾದ ಸಂಸ್ಥಾನಗಳನ್ನು ನುಂಗಿದ ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ಎಂಬ ನೀತಿಯ ಪೂರ್ವರೂಪ ಕಿತ್ತೂರಿನಲ್ಲಿ ಕಾಲು ಶತಮಾನದಷ್ಟು ಮೊದಲೇ ಕಾಣಿಸಿಕೊಂಡಿತ್ತೆಂಬುದು ಗಮನಾರ್ಹ.

ಚೆನ್ನಮ್ಮನ ಸ್ಥಾನದ ಸಂಕೀರ್ಣತೆ ಅರಿವಾಗುವುದು ಇಲ್ಲಿಯೇ. ತೀರಿಕೊಂಡ ದೇಸಾಯಿ ಆಕೆಯ ಹೊಟ್ಟೆಯ ಮಗನಲ್ಲ, ಸವತಿಯ ಮಗ. ದತ್ತಕ ಬಂದ ಬಾಲಕನಿಗೆ ಶಾಸ್ತ್ರರೀತ್ಯಾ ತಾಯಿಯಾಗುವವಳು ದೇಸಾಯಿಯ ವಿಧವೆ ವೀರವ್ವ. ಚೆನ್ನಮ್ಮ ರಕ್ತಸಂಬಂಧದ ಬಲದಿಂದ ಮುಂದೆ ಬಂದವಳಲ್ಲ. ಮನೆತನದ ಹಿರಿಯಳೆಂಬ ಹೊಣೆಯಿಂದ ಬಂದವಳು. ಸರದಾರ ಗುರುಸಿದ್ದಪ್ಪನಂಥವರನ್ನು ಒಟ್ಟಿಗೆ ಹಿಡಿದು, ಎಳೆಯ ವಿಧವೆ ಮತ್ತು ಬಾಲಕರ ಪರವಾಗಿ ಆಕೆ ಸಂಸ್ಥಾನದ ಧ್ವನಿಯಾದಳು.

ಯುರೋಪಿನ ರಾಜವಂಶಗಳ ಇತಿಹಾಸದಲ್ಲಿ ಇದಕ್ಕೆ ಹೋಲುವ ಸನ್ನಿವೇಶವುಂಟು. ಗಂಡುಮಕ್ಕಳಿಲ್ಲದ ಚಕ್ರವರ್ತಿ ಆರನೆಯ ಚಾರ್ಲ್ಸ್ 1713ರ ಶಾಸನದ ಮೂಲಕ ಹ್ಯಾಬ್ಸ್‌ಬರ್ಗ್ ರಾಜ್ಯಗಳು ಅಖಂಡವಾಗಿ ಉಳಿಯುವಂತೆಯೂ ಹೆಣ್ಣುಮಕ್ಕಳಿಗೂ ಹಕ್ಕು ದೊರೆಯುವಂತೆಯೂ ಮಾಡಿದನು. ಅನೇಕ ರಾಜ್ಯಗಳಿಂದ ಅದಕ್ಕೆ ಒಪ್ಪಿಗೆ ಪಡೆದನು. ಆದರೂ 1740ರ ಅಕ್ಟೋಬರಿನಲ್ಲಿ ಅವನು ತೀರಿಕೊಂಡ ಎರಡು ತಿಂಗಳೊಳಗೆ ಪ್ರಷ್ಯದ ಎರಡನೆಯ ಫ್ರೆಡರಿಕ್ ಸೈಲೀಷಿಯದ ಮೇಲೆ ದಂಡೆತ್ತಿದನು. ಚಾರ್ಲ್ಸನ ಮಗಳು ಮರಿಯಾ ತೆರೇಸಾ 1748ರವರೆಗೆ ಯುದ್ಧ ನಡೆಸಿ, ಸೈಲೀಷಿಯವನ್ನು ಕಳೆದುಕೊಂಡರೂ ಉಳಿದ ರಾಜ್ಯದ ಬಹುಭಾಗವನ್ನು ಕಾಪಾಡಿಕೊಂಡಳು. ಅರಸನ ಮರಣದ ಗಳಿಗೆಯಲ್ಲಿ ಕಾಗದದ ಒಪ್ಪಂದ ಎಷ್ಟು ದುರ್ಬಲ ಎಂಬುದಕ್ಕೆ ಎರಡೂ ಪ್ರಸಂಗಗಳು ಸಾಕ್ಷಿ. ಆದರೆ ವ್ಯತ್ಯಾಸವೂ ಮುಖ್ಯ. ಮರಿಯಾ ತೆರೇಸಾಳಿಗೆ ಎದುರಾಳಿಗಳಿದ್ದಂತೆ ಮಿತ್ರರಾಜ್ಯಗಳೂ ಇದ್ದವು. ಚೆನ್ನಮ್ಮನ ಎದುರಿಗೆ ಇದ್ದ ಕಂಪನಿಯಾದರೋ ವ್ಯಾಜ್ಯದ ನ್ಯಾಯಾಧೀಶನೂ ಅದೇ, ತೀರ್ಪಿನ ಫಲಾನುಭವಿಯೂ ಅದೇ.

ನಮ್ಮ ನಾಡಿನ ಮತ್ತೊಂದು ಉದಾಹರಣೆ ಈ ಮಾತನ್ನು ಪುಷ್ಟೀಕರಿಸುತ್ತದೆ. ಮೈಸೂರಿನ ರಾಣಿ ಲಕ್ಷ್ಮಮ್ಮಣ್ಣಿ ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ದಶಕಗಳ ಕಾಲ ಗುಪ್ತ ದೂತರ ಮೂಲಕ ಇಂಗ್ಲಿಷರೊಡನೆ ಸಂಧಾನ ನಡೆಸಿದಳು. 1799ರ ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಹಿರಿಯ ವಿಧವೆ, ಎಳೆಯ ಬಾಲಕ, ಮನೆತನದ ಹಕ್ಕು ಎಂಬ ಮೂರೂ ಅಂಶಗಳು ಎರಡೂ ಕಡೆ ಸಮಾನ. 1799ರಲ್ಲಿ ಅರಸು ಮನೆತನವನ್ನು ಉಳಿಸುವುದು ಕಂಪನಿಗೆ ಅನುಕೂಲವಾಗಿತ್ತು. 1824ರಲ್ಲಿ ಅಳಿಸುವುದು ಅನುಕೂಲವಾಗಿತ್ತು. ಬದಲಾದದ್ದು ಧರ್ಮಶಾಸ್ತ್ರವಲ್ಲ, ಅಧಿಕಾರದ ಸಮತೋಲನ.

ಮುಂದಿನ ಘಟನೆಗಳು ಸುಪರಿಚಿತ. 1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆಸಲು ಬಂದ ಥ್ಯಾಕರೆ ಹತನಾದನು; ಅವನ ಸಹಾಯಕರಾದ ವಾಲ್ಟರ್ ಎಲಿಯಟ್ ಮತ್ತು ಸ್ಟೀವನ್‌ಸನ್ ಸೆರೆಸಿಕ್ಕರು. ಸೆರೆಯಾಳುಗಳನ್ನು ಕಿತ್ತೂರಿನವರು ಸೌಜನ್ಯದಿಂದಲೇ ನಡೆಸಿಕೊಂಡರು. ಡೆಕ್ಕನ್ ಕಮಿಷನರ್ ಚಾಪ್ಲಿನ್‌ನೊಡನೆ ಮಾತುಕತೆ ನಡೆದು ಡಿಸೆಂಬರ್ 2ರಂದು ಅವರ ಬಿಡುಗಡೆಯಾಯಿತು. ಗೆದ್ದ ಮೇಲೂ ಸಂಧಾನದ ಬಾಗಿಲನ್ನು ತೆರೆದಿಟ್ಟದ್ದು ಗುರಿಯು ಹಗೆತನ ಸಾಧನೆಯಲ್ಲ, ವಾರಸುದಾರಿಕೆಯ ಮನ್ನಣೆ ಎಂಬುದನ್ನು ಸೂಚಿಸುತ್ತದೆ. ಆದರೆ ಬಿಡುಗಡೆಯಿಂದ ಕಿತ್ತೂರಿನ ಕೈಯಲ್ಲಿದ್ದ ಒತ್ತಡದ ಸಾಧನವೂ ಇಲ್ಲವಾಯಿತು. ಡಿಸೆಂಬರ್ 5ರಂದು ಕೋಟೆ ಶರಣಾಯಿತು. ಬೈಲಹೊಂಗಲದಲ್ಲಿ ಬಂಧನದಲ್ಲಿರಿಸಲ್ಪಟ್ಟ ಚೆನ್ನಮ್ಮ 1829ರ ಫೆಬ್ರವರಿಯಲ್ಲಿ ಅಲ್ಲಿಯೇ ಕೊನೆಯುಸಿರೆಳೆದಳು. ಅನಂತರ ಸಂಗೊಳ್ಳಿ ರಾಯಣ್ಣ ದಂಗೆಯೆದ್ದದ್ದು ಅದೇ ದತ್ತಕ ಬಾಲಕನ ಹಕ್ಕಿಗಾಗಿ ಎಂಬುದನ್ನು ಮರೆಯಲಾಗದು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು.

ಆಕರಗಳ ದೃಷ್ಟಿಯಿಂದ ಒಂದು ಎಚ್ಚರಿಕೆ ಅವಶ್ಯ. ದತ್ತಕದ ಕುರಿತ ಶಂಕೆಯನ್ನು ದಾಖಲಿಸಿದವರು ಅದು ಸುಳ್ಳಾದರೆ ಲಾಭ ಪಡೆಯುವವರು. ಆದ್ದರಿಂದ ಕಂಪನಿಯ ಕಾಗದಪತ್ರಗಳನ್ನು ಸಾಕ್ಷಿಯೆಂದು ಓದುವಷ್ಟೇ ವಾದಿಯ ಹೇಳಿಕೆಯೆಂದೂ ಓದಬೇಕು. ಕಿತ್ತೂರಿನಲ್ಲಿ ಸೆರೆಯಾಗಿದ್ದ ಎಲಿಯಟ್‌ನೇ ಮುಂದೆ ಕನ್ನಡ ಶಾಸನಗಳನ್ನು ಸಂಗ್ರಹಿಸಿ ಚಾಲುಕ್ಯರ ಇತಿಹಾಸಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬನೆಂಬುದು ಇತಿಹಾಸದ ವಿಪರ್ಯಾಸ. ಒಂದು ಪ್ರಾಚೀನ ರಾಜವಂಶದ ಸಾಲನ್ನು ಕಲ್ಲಿನಿಂದ ಓದಿ ಜೋಡಿಸಿದ ಕೈ, ಕಣ್ಣೆದುರಿನ ಮತ್ತೊಂದು ವಂಶದ ಸಾಲು ಕಡಿದುಹೋದ ಆಡಳಿತದ ಭಾಗವಾಗಿತ್ತು.

ಒಟ್ಟಿನಲ್ಲಿ, ಚೆನ್ನಮ್ಮನನ್ನು ಸ್ವಾತಂತ್ರ್ಯ ಹೋರಾಟದ ಮುನ್ಸೂಚಕಿಯೆಂದು ಮಾತ್ರ ಕಾಣುವುದರಿಂದ ಆಕೆ ಎತ್ತಿದ ನಿರ್ದಿಷ್ಟ ಪ್ರಶ್ನೆ ಮರೆಯಾಗುತ್ತದೆ. ಒಂದು ಮನೆತನ ತನ್ನ ಉತ್ತರಾಧಿಕಾರಿಯನ್ನು ತಾನೇ ಗೊತ್ತುಮಾಡಬಹುದೇ, ಅಥವಾ ಅದಕ್ಕೂ ಹೊರಗಿನ ಅಧಿಕಾರದ ಅಪ್ಪಣೆ ಬೇಕೇ ಎಂಬುದೇ ಆ ಪ್ರಶ್ನೆ. ಅದನ್ನು ಆಕೆ ಮೊದಲು ಮಾತಿನಿಂದ, ಬಳಿಕ ಶಸ್ತ್ರದಿಂದ ಕೇಳಿದಳು. ಆ ಕ್ರಮವನ್ನು ಮನಗಂಡಾಗಲೇ ಆಕೆಯ ಶೌರ್ಯಕ್ಕೆ ಪೂರ್ಣ ಅರ್ಥ ಒದಗುತ್ತದೆ.