ಕಾಲು ಸೋತ ನಾಯಿ, ವೇಳೆ ತಪ್ಪದ ಮನೆ

ವಾಹನ ಹಾಯ್ದು ಬೆನ್ನುಮೂಳೆ ಮುರಿದುಕೊಂಡ ಬೀದಿನಾಯಿ ಚಿಕಿತ್ಸೆಯಿಂದ ಬದುಕುಳಿದರೂ, ಗಾಯ ಮಾಯ್ದ ಮೇಲೆ ಅದು ಎಲ್ಲಿರಬೇಕೆಂಬ ಪ್ರಶ್ನೆಗೆ ನಮ್ಮ ನಗರಗಳಲ್ಲಿ ಸುಲಭದ ಉತ್ತರವಿಲ್ಲ. 2001ರ ಪ್ರಾಣಿ ಜನನ ನಿಯಂತ್ರಣ ನಿಯಮಗಳೂ ಅವುಗಳ ಜಾಗಕ್ಕೆ ಬಂದ 2023ರ ನಿಯಮಗಳೂ, ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆಯ ನಂತರ ನಾಯಿಯನ್ನು ಹಿಡಿದ ಜಾಗಕ್ಕೇ ಮರಳಿ ಬಿಡಬೇಕೆಂಬ ತತ್ತ್ವವನ್ನು ಆಧರಿಸಿವೆ; ಆದರೆ ಓಡಲಾರದ, ಕಾಣಲಾರದ ಅಥವಾ ವಾಹನದ ಸದ್ದು ಕೇಳಲಾರದ ನಾಯಿಯನ್ನು ಬೀದಿಗೆ ಬಿಡುವುದೆಂದರೆ ಸಾವಿನ ಬಾಯಿಗೆ ಬಿಟ್ಟಂತೆಯೇ ಆದ್ದರಿಂದ, ಅದು ಶೆಲ್ಟರಿನಲ್ಲೇ ಉಳಿದುಬಿಡುತ್ತದೆ. 1991ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕ್ಯೂಪಾದಂಥ ಸಂಸ್ಥೆಗಳು ಇಂಥ ಪ್ರಾಣಿಗಳಿಗೆ ನೆಲೆ ಕೊಡುತ್ತ ಬಂದಿವೆಯಾದರೂ, ಒಂದು ನಾಯಿ ವರ್ಷಗಟ್ಟಲೆ ಹಿಡಿದಿಟ್ಟ ಗೂಡು ನಾಳೆ ಗಾಯಗೊಂಡು ಬರುವ ಮತ್ತೊಂದಕ್ಕೆ ಸಿಗದೆ ಹೋಗುವುದರಿಂದ, ಅಂಗವಿಕಲ ನಾಯಿಯೊಂದನ್ನು ಮನೆಗೆ ಕರೆದೊಯ್ದವರು ವಾಸ್ತವದಲ್ಲಿ ಒಂದಕ್ಕಿಂತ ಹೆಚ್ಚು ಜೀವಗಳಿಗೆ ಜಾಗ ಮಾಡಿಕೊಟ್ಟಿರುತ್ತಾರೆ.

ದತ್ತು ಪಡೆಯುವ ಮುನ್ನ ತಿಳಿಯಬೇಕಾದ ಮೊದಲ ಸಂಗತಿಯೆಂದರೆ, ವೈಕಲ್ಯಗಳೆಲ್ಲ ಮನೆಯವರ ಮೇಲೆ ಒಂದೇ ಬಗೆಯ ಹೊರೆ ಹೊರಿಸುವುದಿಲ್ಲ. ನಿಂತ ನಾಯಿಯ ಮೈಭಾರದಲ್ಲಿ ಸುಮಾರು ಶೇ. 60ರಷ್ಟನ್ನು ಮುಂಗಾಲುಗಳೇ ಹೊರುವುದರಿಂದ, ಒಂದು ಹಿಂಗಾಲು ಹೋದ ನಾಯಿ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಹೊಸ ನಡಿಗೆಯನ್ನು ರೂಢಿಸಿಕೊಳ್ಳುತ್ತದೆ. ಮುಂಗಾಲು ಹೋದರೆ ಹೊಂದಿಕೊಳ್ಳುವುದು ತುಸು ಕಷ್ಟ. ಕುರುಡು ನಾಯಿಯು ಮೂಗು ಮತ್ತು ಕಿವಿಯ ಆಸರೆಯಿಂದ ಮನೆಯ ಮೂಲೆಮೂಲೆಯನ್ನೂ ಗುರುತಿಟ್ಟುಕೊಳ್ಳಬಲ್ಲದಾದ್ದರಿಂದ, ಮಂಚ, ಮೇಜು, ನೀರಿನ ಬಟ್ಟಲುಗಳನ್ನು ಪದೇ ಪದೇ ಸ್ಥಳಾಂತರಿಸದಿರುವುದೇ ಅದಕ್ಕೆ ಮಾಡಬಹುದಾದ ದೊಡ್ಡ ಉಪಕಾರ. ಕಿವುಡುತನ ಡಾಲ್ಮೇಷಿಯನ್ ತಳಿಯಲ್ಲಿ ಹೆಚ್ಚಾಗಿ ಕಾಣಿಸುತ್ತದೆ. ಬಿಳಿ ಮೈಬಣ್ಣಕ್ಕೆ ಕಾರಣವಾಗುವ ವಂಶವಾಹಿಗಳ ಪ್ರಭಾವದಿಂದ ಒಳಕಿವಿಯಲ್ಲಿ ಇರಬೇಕಾದ ವರ್ಣಕೋಶಗಳು ಇಲ್ಲವಾಗಿ, ಮರಿ ಹುಟ್ಟಿದ ಮೊದಲ ವಾರಗಳಲ್ಲೇ ಶ್ರವಣಕೋಶಗಳು ಸಾಯುತ್ತವೆ. ಇಂಥ ನಾಯಿಗಳು ಕೈಸನ್ನೆಯನ್ನು ಚೆನ್ನಾಗಿ ಕಲಿಯುತ್ತವೆ, ಆದರೆ ಅವು ಮಲಗಿರುವಾಗ ಹಠಾತ್ತನೆ ಮೈಮುಟ್ಟಬಾರದು, ಬಯಲಿನಲ್ಲಿ ಹಗ್ಗ ಬಿಚ್ಚಬಾರದು.

ನಿಜವಾದ ಸೇವೆಯನ್ನು ಬೇಡುವುದು ಹಿಂಗಾಲುಗಳ ಸ್ವಾಧೀನ ತಪ್ಪಿದ ನಾಯಿ. ಮಿದುಳಿನಿಂದ ಕಾಲುಗಳಿಗೆ ಆಜ್ಞೆಯನ್ನೂ ಕಾಲುಗಳಿಂದ ಮಿದುಳಿಗೆ ಸಂವೇದನೆಯನ್ನೂ ಒಯ್ಯುವ ಬೆನ್ನುಹುರಿಗೆ ಎಷ್ಟು ಪೆಟ್ಟಾಗಿದೆ ಎಂಬುದನ್ನು ಅರಿಯಲು ಪಶುವೈದ್ಯರು ಹಿಂಗಾಲಿನ ಬೆರಳನ್ನು ಇಕ್ಕಳದಿಂದ ಬಲವಾಗಿ ಒತ್ತಿ ನೋಡುತ್ತಾರೆ. ಆಗ ಕಾಲು ಹಿಂದಕ್ಕೆ ಸೆಳೆದುಕೊಂಡರೆ ಅದು ಬೆನ್ನುಹುರಿಯ ಮಟ್ಟದಲ್ಲೇ ನಡೆಯುವ ತಾನೇತಾನಾದ ಪ್ರತಿಕ್ರಿಯೆ ಮಾತ್ರವಾಗಿರಬಹುದು. ನಾಯಿ ತಿರುಗಿ ನೋಡಿದರೆ ಅಥವಾ ಕುಂಯ್‌ಗುಟ್ಟಿದರೆ ಮಾತ್ರ ನೋವು ಮಿದುಳನ್ನು ಮುಟ್ಟಿದೆ ಎಂದರ್ಥ. ಈ ಆಳದ ನೋವಿನ ಅರಿವು ಉಳಿದಿದ್ದರೆ ಮತ್ತೆ ನಡೆಯುವ ಭರವಸೆಯೂ ಉಳಿದಿರುತ್ತದೆ, ಅದು ಪೂರ್ತಿ ಅಳಿದಿದ್ದರೆ ಆ ಭರವಸೆ ತೀರ ಕ್ಷೀಣ. ದತ್ತು ಕೊಡುವ ಸಂಸ್ಥೆಯನ್ನು ಕೇಳಲೇಬೇಕಾದ ಪ್ರಶ್ನೆ ಇದು. ಏಕೆಂದರೆ ನಾಳೆ ಎದ್ದು ನಡೆದೀತೆಂಬ ಆಸೆಯಿಂದಷ್ಟೇ ನಾಯಿಯನ್ನು ತಂದವರು ಆರೇಳು ತಿಂಗಳಲ್ಲಿ ಸೋತುಹೋಗುವುದುಂಟು.

ಸ್ವಾಧೀನ ತಪ್ಪಿದ ಕಾಲಿನೊಂದಿಗೆ ಅನೇಕ ವೇಳೆ ಮೂತ್ರಕೋಶದ ಹತೋಟಿಯೂ ತಪ್ಪಿರುವುದರಿಂದ, ದಿನಕ್ಕೆ ಮೂರು ನಾಲ್ಕು ಬಾರಿ ಮನೆಯವರೇ ಮೂತ್ರ ತೆಗೆಸಬೇಕಾಗುತ್ತದೆ. ಪಶುವೈದ್ಯರ ಎದುರಿನಲ್ಲೇ ಕಲಿಯಬೇಕಾದ ಈ ಕೆಲಸದಲ್ಲಿ, ನಾಯಿಯ ಹಿಂಭಾಗಕ್ಕೆ ಆಸರೆ ಕೊಟ್ಟು ನಿಲ್ಲಿಸಿ, ಹಿಂದೊಡೆಗಳ ಮುಂದೆ ಹೊಟ್ಟೆಯ ಎರಡೂ ಪಕ್ಕಕ್ಕೆ ಅಂಗೈಗಳನ್ನು ಚಪ್ಪಟೆಯಾಗಿಟ್ಟು, ನೀರು ತುಂಬಿದ ಬಲೂನಿನಂತೆ ಕೈಗೆ ಸಿಗುವ ಮೂತ್ರಕೋಶವನ್ನು ಬಾಲದ ಕಡೆಗೆ ಮೆಲ್ಲನೆ, ಒಂದೇ ಸಮನಾಗಿ ಒತ್ತುತ್ತಾರೆ. ಕೈ ಪಳಗುವ ತನಕ ಹೆದರಿಕೆಯಾಗುವುದು ಸಹಜ. ಪಳಗಿದ ಮೇಲೆ ಅದು ಕೆಲವೇ ನಿಮಿಷಗಳ ಕೆಲಸ. ವೇಳೆ ತಪ್ಪಿದರೆ ಮಾತ್ರ, ಕಟ್ಟಿನಿಂತ ಮೂತ್ರದಲ್ಲಿ ಸೋಂಕು ಬೆಳೆದು ಮೂತ್ರಪಿಂಡಕ್ಕೂ ಹಬ್ಬಬಹುದು, ತಾನಾಗಿ ಸೋರಿದ ಮೂತ್ರ ಚರ್ಮವನ್ನು ಸುಡುತ್ತದೆ. ಮೂತ್ರದ ವಾಸನೆಯೋ ಬಣ್ಣವೋ ಬದಲಾದರೆ ಅಂದೇ ಪರೀಕ್ಷೆ ಮಾಡಿಸುವುದು ಕ್ಷೇಮ.

ಒಂದೇ ಮಗ್ಗುಲಿಗೆ ಮಲಗಿದ್ದರೆ ಮೂಳೆಯುಬ್ಬಿದ ಕಡೆ ರಕ್ತ ಸಂಚಾರ ನಿಂತು ಹಾಸಿಗೆ ಹುಣ್ಣು ಏಳುತ್ತದಾದ್ದರಿಂದ, ತಾನಾಗಿ ಹೊರಳಲಾರದ ನಾಯಿಯನ್ನು ಕೆಲವು ಗಂಟೆಗಳಿಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಒರಟು ಸಿಮೆಂಟಿನ ಮೇಲೆ ಕಾಲೆಳೆಯುತ್ತ ಹೋದರೆ ಪಾದದ ಮೇಲ್ಭಾಗ ತರಚಿ, ನೋವೇ ಗೊತ್ತಾಗದೆ ಗಾಯ ಮೂಳೆಯವರೆಗೂ ಇಳಿಯಬಹುದು; ಇತ್ತ ನುಣುಪಾದ ಟೈಲ್ಸಿನ ಮೇಲೆ ಮುಂಗಾಲುಗಳೂ ಜಾರುವುದರಿಂದ, ಓಡಾಡುವ ದಾರಿಯುದ್ದಕ್ಕೂ ಒಗೆಯಬಹುದಾದ ರಬ್ಬರ್ ತಳದ ಚಾಪೆ ಹಾಸುವುದು ಒಳ್ಳೆಯದು. ಸೊಂಟಕ್ಕೆ ಆಸರೆ ಕೊಟ್ಟು ಹಿಂದೆ ಎರಡು ಚಕ್ರ ಜೋಡಿಸಿದ ಗಾಲಿಬಂಡಿ ಇಂಥ ನಾಯಿಗೆ ಮತ್ತೆ ಓಡುವ ಅವಕಾಶವನ್ನೇ ಕೊಡುತ್ತದೆ. ಅದು ನಾಯಿಯ ಅಳತೆಗೇ ತಯಾರಾಗಿರಬೇಕು, ಮೊದಮೊದಲು ಹತ್ತು ಹದಿನೈದು ನಿಮಿಷಕ್ಕೆ ಸೀಮಿತವಾಗಿರಬೇಕು. ಬಂಡಿ ಕಟ್ಟಿದಾಗ ನಾಯಿ ಸಲೀಸಾಗಿ ಮಲಗಲಾರದಾದ್ದರಿಂದ ಅದನ್ನು ಒಂಟಿಯಾಗಿ ಬಿಡುವಂತೆಯೇ ಇಲ್ಲ.

ಇಷ್ಟೆಲ್ಲದರ ನಡುವೆ ಮರುಕವೇ ಕೆಲವೊಮ್ಮೆ ನಾಯಿಗೆ ಮುಳುವಾಗುತ್ತದೆ. ಪಾಪ, ನಡೆಯಲಾರದು ಎಂದು ಮನೆಮಂದಿಯೆಲ್ಲ ತಂತಮ್ಮ ತಟ್ಟೆಯಿಂದ ಅನ್ನವನ್ನೋ ಬಿಸ್ಕತ್ತನ್ನೋ ಹಾಕುತ್ತ ಹೋದರೆ ಏರಿದ ತೂಕವನ್ನೆಲ್ಲ ಹೊರಬೇಕಾದದ್ದು ಉಳಿದ ಗಟ್ಟಿ ಕಾಲುಗಳೇ. ನಾಯಿಯು ತನ್ನ ನಿನ್ನೆಯ ಕಾಲನ್ನು ನೆನೆದು ಕೊರಗುತ್ತದೆಂದು ಭಾವಿಸುವುದಕ್ಕಿಂತ, ಅದು ಉಣ್ಣುತ್ತಿದೆಯೇ, ಆಡಲು ಬರುತ್ತಿದೆಯೇ, ಮುಟ್ಟಿದಲ್ಲಿ ನರಳುತ್ತಿದೆಯೇ ಎಂದು ನೋಡುವುದು ಹೆಚ್ಚು ನ್ಯಾಯ. 2023ರ ನಿಯಮಗಳು ದಯಾಮರಣವನ್ನು ವಾಸಿಯಾಗದ ಕಾಯಿಲೆ ಅಥವಾ ಮಾರಣಾಂತಿಕ ಗಾಯದ ಸಂದರ್ಭದಲ್ಲಿ, ಅರ್ಹ ಪಶುವೈದ್ಯರ ಮೂಲಕ ಮಾತ್ರ ಒಪ್ಪುತ್ತವೆ. ನೋವಿಲ್ಲದೆ, ಹಸಿದು ಉಣ್ಣುತ್ತ, ಬರೀ ಹಿಂಗಾಲು ಸೋತಿರುವ ನಾಯಿಯನ್ನು ಆ ಸಾಲಿಗೆ ಸೇರಿಸುವುದು ಸರಿಯಲ್ಲ.

ನೆರೆಹೊರೆಯವರ ಆಕ್ಷೇಪಕ್ಕೆ ಅಂಜುವವರು, ಸಾಕುನಾಯಿಯನ್ನು ನಿಷೇಧಿಸುವ ಅಧಿಕಾರ ಅಪಾರ್ಟ್‌ಮೆಂಟಿನ ಸಂಘಗಳಿಗಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಹೇಳಿರುವುದನ್ನು ನೆನಪಿಡಬಹುದು. ಅದಕ್ಕಿಂತ ಕಠಿಣವಾದ ಪ್ರಶ್ನೆ ಮನೆಯೊಳಗಿನದು: ಮದುವೆಗೋ ಜಾತ್ರೆಗೋ ಊರಿಗೆ ಹೊರಟಾಗ ಮೂತ್ರ ತೆಗೆಸಬಲ್ಲ ಎರಡನೆಯ ಕೈ ಮನೆಯಲ್ಲಿದೆಯೇ? ಬಾಡಿಗೆಯ ಬೋರ್ಡಿಂಗ್‌ಗಳಲ್ಲಿ ಈ ಸೇವೆ ಸಿಗುವುದು ಅಪರೂಪವಾದ್ದರಿಂದ, ಕಡೇಪಕ್ಷ ಇಬ್ಬರಾದರೂ ಇದನ್ನು ಕಲಿತಿರಬೇಕು. ದತ್ತು ಪತ್ರಕ್ಕೆ ಸಹಿ ಹಾಕುವ ಮುನ್ನ ಕೆಲವು ವಾರ ತಾತ್ಕಾಲಿಕವಾಗಿ ನಾಯಿಯನ್ನು ಮನೆಯಲ್ಲಿಟ್ಟುಕೊಳ್ಳಲು, ಅಂದರೆ ಫಾಸ್ಟರ್ ಮಾಡಲು, ಸಂಸ್ಥೆಯನ್ನು ಕೇಳುವುದು ಎರಡೂ ಕಡೆಗೆ ಒಳಿತು. ಆ ವಾರಗಳಲ್ಲಿ ಮನೆಯವರು ಪರಸ್ಪರ ಕೇಳಿಕೊಳ್ಳಬೇಕಾದದ್ದು, ಮಳೆ ಸುರಿಯುತ್ತಿದ್ದ, ನೆಂಟರು ಬಂದಿದ್ದ, ಕಚೇರಿಗೆ ತಡವಾಗುತ್ತಿದ್ದ ಸೋಮವಾರದ ಬೆಳಿಗ್ಗೆ ಆ ಕೆಲಸವನ್ನು ಯಾರು ಮಾಡಿದರು ಎಂಬುದನ್ನು.