ನಲ್ಲಿಯ ನೀರೂ ತೊಟ್ಟಿಯ ಎತ್ತರವೂ

ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ ಸಂಶೋಧನಾ ಕೇಂದ್ರವಿದೆ. ಬೆಳೆಗೆ ನೀರನ್ನು ಅಳೆದು ಉಣಿಸುವ ವಿದ್ಯೆಗೆ ನೆಲೆಯಾದ ಇಂತಹ ಆವರಣಗಳಲ್ಲಿ, ಕಟ್ಟಡದ ನಲ್ಲಿಗೂ ಅದೇ ಲೆಕ್ಕ ಸಲ್ಲಬೇಡವೆ? 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದುದನ್ನು ನೆನೆದರೆ ಈ ಪ್ರಶ್ನೆ ಅಲ್ಪವಲ್ಲವೆಂಬುದು ತಿಳಿಯುವುದು.

ನೀರು ಹೊರಚಿಮ್ಮುವ ವೇಗವು ಅದರ ಮೇಲಿನ ನೀರಿನ ಎತ್ತರದ ವರ್ಗಮೂಲವನ್ನು ಅನುಸರಿಸುತ್ತದೆಂಬ ನಿಯಮವನ್ನು ಇಟಲಿಯ ಟಾರಿಚೆಲ್ಲಿ 1644ರಲ್ಲಿ ಪ್ರಕಟಿಸಿದನು. ನಾಲ್ಕು ಅಂತಸ್ತಿನ ವಿದ್ಯಾರ್ಥಿನಿಲಯವೊಂದನ್ನು ಭಾವಿಸಿರಿ. ತೊಟ್ಟಿಯ ನೀರಿನ ಮಟ್ಟಕ್ಕಿಂತ ಮೇಲಂತಸ್ತಿನ ನಲ್ಲಿ 3 ಮೀಟರ್ ಕೆಳಗೂ, ನೆಲದಂತಸ್ತಿನದು 12 ಮೀಟರ್ ಕೆಳಗೂ ಇವೆಯೆನ್ನೋಣ. ಎತ್ತರ ನಾಲ್ಮಡಿಯಾದುದರಿಂದ, ಕೊಳವೆಯ ಘರ್ಷಣೆಯನ್ನು ಗಣಿಸದಿದ್ದರೆ, ವೇಗ ಇಮ್ಮಡಿ. ಮೇಲೆ ನಿಮಿಷಕ್ಕೆ 6 ಲೀಟರ್ ಸುರಿದರೆ ಕೆಳಗೆ 12 ಲೀಟರ್. ಕೈ ತೊಳೆಯುವ ಕಾಲ ಮಾತ್ರ ಎರಡೆಡೆಯೂ ಅರ್ಧ ನಿಮಿಷವೇ. 100 ಮಂದಿ ದಿನಕ್ಕೆ 4 ಸಲ ತೊಳೆದರೆ 1,200 ಲೀಟರ್ ವ್ಯರ್ಥವಾಗಿ ಚರಂಡಿಗೆ ಸೇರುವುದು.

ಪರಿಹಾರ ಸುಲಭ. ಕೆಳಗಿನ ಕೊಳವೆಯ ಕವಾಟವನ್ನು ತುಸು ಮುಚ್ಚಿ ಹರಿವನ್ನು ತಗ್ಗಿಸಬಹುದು. ನಲ್ಲಿಯ ಬಾಯಿಗೆ ಗಾಳಿ ಬೆರೆಸುವ ಜಾಲರಿಯನ್ನೂ ತೊಡಿಸಬಹುದು. ಬಕೆಟ್ಟು ತುಂಬಿಸುವಲ್ಲಿ ಇದರಿಂದ ಉಳಿತಾಯವಿಲ್ಲ. ಹರಿಯುವ ನೀರಿನಡಿ ಕೈ, ತಟ್ಟೆ ತೊಳೆಯುವಲ್ಲಿ ಉಂಟು. ಒಂದು ಬಕೆಟ್ಟು, ಒಂದು ಗಡಿಯಾರ ಇದ್ದರೆ ಯಾವ ನಲ್ಲಿಯನ್ನಾದರೂ ಇಂದೇ ಅಳೆಯಬಹುದು.